ನೇಗಿಲು ಮೇಲೇಳದಿದ್ದರೆ ಪಾಸ್ಕಲ್‌ನನ್ನು ಕೇಳಿ

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುವುದು ನಮ್ಮ ರೈತರ ಮಾತು. ಆದರೆ ಮಳೆ ಬಂದರಷ್ಟೇ ಸಾಲದು. ನೆಲದಲ್ಲಿ ಹದವಿರುವ ನಾಲ್ಕಾರು ದಿನಗಳಲ್ಲೇ ಉಳುಮೆಯೂ ಬಿತ್ತನೆಯೂ ಮುಗಿಯಬೇಕು. ಹದ ತಪ್ಪಿದರೆ ಮತ್ತೊಂದು ಮಳೆಗೆ ಆಕಾಶ ನೋಡುತ್ತ ಕೂರಬೇಕಾಗುತ್ತದೆ.

ಅಂಥದೊಂದು ಬೆಳಿಗ್ಗೆ ಹಳೆಯ ಟ್ರ್ಯಾಕ್ಟರೊಂದು ಹೊಲಕ್ಕೆ ಬಂದಿದೆ ಎಂದುಕೊಳ್ಳಿ. ಎಂಜಿನ್ ಚೆನ್ನಾಗಿಯೇ ಓಡುತ್ತಿದೆ. ಗೇರು ಬೀಳುತ್ತದೆ, ಚಕ್ರ ತಿರುಗುತ್ತದೆ. ಮೊದಲ ಸಾಲು ಹೊಡೆದು ಬದುವಿನ ಹತ್ತಿರ ತಿರುಗಿಸಬೇಕೆಂದು ಸೀಟಿನ ಪಕ್ಕದ ಲಿವರನ್ನು ಮೇಲೆತ್ತಿದರೆ ಹಿಂದಿನ ಕಲ್ಟಿವೇಟರ್ ಮಾತ್ರ ನೆಲ ಬಿಟ್ಟು ಏಳುವುದಿಲ್ಲ! ಲಿವರನ್ನು ಮೇಲೆ ಕೆಳಗೆ ಆಡಿಸಿದ್ದಾಯಿತು, ಎಂಜಿನ್ ಜೋರು ಮಾಡಿದ್ದೂ ಆಯಿತು. ಅಷ್ಟರಲ್ಲಿ ಪಕ್ಕದ ಹೊಲದವರು ಬಂದು ‘ಹೈಡ್ರಾಲಿಕ್ ಹೋಗಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಪಂಪೇ ಬದಲಿಸಬೇಕು’ ಎಂದು ತೀರ್ಪು ಕೊಡುತ್ತಾರೆ. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಬಿತ್ತನೆಯ ಹಂಗಾಮಿನಲ್ಲಿ ಎರಡು ದಿನ ಕಾಯಿಸದೆ ಸಿಗುವವನಲ್ಲ.

ನಿಜವಾಗಿ ಪಂಪ್ ಹೋಗಿದೆಯೆ? ಇರಬಹುದು, ಇಲ್ಲದಿರಲೂಬಹುದು. ಎಣ್ಣೆ ಕಡಿಮೆಯಾಗಿರಬಹುದು. ಲಿವರೊಂದು ತಪ್ಪು ಜಾಗದಲ್ಲಿರಬಹುದು. ಬೆರಳಿಗೆ ಉಂಗುರದಂತೆ ತೊಡಬಹುದಾದ ರಬ್ಬರ್ ಬಳೆಯೊಂದು ಹರಿದಿರಬಹುದು. ಇವುಗಳಲ್ಲಿ ಯಾವುದು ಎಂದು ಕಂಡುಹಿಡಿಯಲು ಮೊದಲು ಬೇಕಾಗುವುದು ಸ್ಪ್ಯಾನರ್ ಅಲ್ಲ. ವಿಜ್ಞಾನದ ಪಾಠದಲ್ಲಿ ಓದಿದ ಒಂದು ನಿಯಮ ಮತ್ತು ಅದನ್ನು ಕ್ರಮವಾಗಿ ಅನ್ವಯಿಸುವ ತಾಳ್ಮೆ, ಇವೆರಡು ಸಾಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಕೆಲಸಕ್ಕೆ ಒಳ್ಳೆಯ ಜೊತೆ ಸಿಕ್ಕಂತೆಯೇ!

ಎಣ್ಣೆಗೂ ತೋಳ್ಬಲ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಕುಂದದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದು ಪಾಸ್ಕಲ್ ನಿಯಮ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623-1662) ಬದುಕಿದ್ದು ಮೂವತ್ತೊಂಬತ್ತೇ ವರ್ಷ. ದ್ರವಗಳ ಬಗ್ಗೆ ಅವನು ಬರೆದ ಗ್ರಂಥ ಅಚ್ಚಾಗಿದ್ದು ಅವನು ತೀರಿಕೊಂಡ ಮರುವರ್ಷ. ಆ ನಿಯಮವನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಜಲ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ಎತ್ತುವ ಯಂತ್ರ, ಜೆಸಿಬಿಯ ಕೈ, ಟ್ರ್ಯಾಕ್ಟರಿನ ಲಿಫ್ಟ್ ಎಲ್ಲವೂ ಅದೇ ವಂಶದವು.

ಒಂದು ಸಣ್ಣ ಲೆಕ್ಕ ಮಾಡೋಣ. ಟ್ರ್ಯಾಕ್ಟರಿನ ಸೀಟಿನ ಕೆಳಗಿನ ಎರಕದ ಪೆಟ್ಟಿಗೆಯೊಳಗೆ ಒಂದು ಸಿಲಿಂಡರ್, ಅದರೊಳಗೆ ಒಂದು ಪಿಸ್ಟನ್ ಇದೆ. ಪಿಸ್ಟನ್ನಿನ ವ್ಯಾಸ ಏಳೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಮುಖದ ವಿಸ್ತೀರ್ಣ ಸುಮಾರು 44 ಚದರ ಸೆಂಟಿಮೀಟರ್. ಪಂಪ್ ಕಳಿಸುವ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಇದ್ದರೆ, ಪಿಸ್ಟನ್ನಿನ ಮೇಲೆ ಬೀಳುವ ಬಲ 44 ಗುಣಿಸು 150. ಅಂದರೆ 6,600 ಕಿಲೋ! ಅಂಗೈಯಗಲದ ಲೋಹದ ಬಿಲ್ಲೆಯೊಂದು ಆರೂವರೆ ಟನ್ನಿನ ಬಲದಿಂದ ತಳ್ಳುತ್ತದೆ.

ಪಿಸ್ಟನ್ ಹತ್ತು ಸೆಂಟಿಮೀಟರ್ ಸರಿದರೆ ಹಿಂದಿನ ತೋಳುಗಳ ತುದಿ ಅರವತ್ತು ಸೆಂಟಿಮೀಟರ್ ಮೇಲೇಳುತ್ತದೆ ಎನ್ನೋಣ. ದೂರ ಆರು ಪಟ್ಟಾದರೆ ಬಲ ಆರನೇ ಒಂದು ಭಾಗಕ್ಕೆ ಇಳಿಯಲೇಬೇಕು. ಇದು ಸನ್ನೆಕೋಲಿನ ನಿಯಮ. ಹೀಗೆ 6,600 ಕಿಲೋ ಬಲ ತೋಳಿನ ತುದಿಗೆ ಬರುವಷ್ಟರಲ್ಲಿ 1,100 ಕಿಲೋ ಆಗುತ್ತದೆ. ಸುಮಾರು 35 ಅಶ್ವಶಕ್ತಿಯ ಟ್ರ್ಯಾಕ್ಟರುಗಳು ಎತ್ತುವ ಭಾರವೂ ಹೆಚ್ಚು ಕಡಿಮೆ ಇಷ್ಟೇ.

ಇದಕ್ಕೆ ಬೇಕಾಗುವ ಎಣ್ಣೆ ಎಷ್ಟು ಗೊತ್ತೆ? 44 ಚದರ ಸೆಂಟಿಮೀಟರ್ ಗುಣಿಸು 10 ಸೆಂಟಿಮೀಟರ್, ಅಂದರೆ 440 ಮಿಲಿಲೀಟರ್. ಅರ್ಧ ಲೀಟರಿಗಿಂತ ಕಡಿಮೆ! ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ದೋಷ ಹುಡುಕುವಾಗ ಇದು ದೊಡ್ಡ ಸಾಕ್ಷಿಯಾಗುತ್ತದೆ.

ಫರ್ಗುಸನ್ನನ ಉಪಾಯ

ಮೊದಲಿನ ಟ್ರ್ಯಾಕ್ಟರುಗಳು ಎತ್ತಿನ ಬದಲಿಗೆ ಬಂದ ಯಂತ್ರಗಳಷ್ಟೇ. ನೇಗಿಲನ್ನು ಹಿಂದೆ ಕಟ್ಟಿ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ನಿಂತು, ಟ್ರ್ಯಾಕ್ಟರೇ ಹಿಂದಿನ ಆಕ್ಸಲ್ಲಿನ ಸುತ್ತ ತಿರುಗಿ ಮುಂಭಾಗ ಮೇಲೆದ್ದು ಚಾಲಕನ ಮೇಲೆ ಮಗುಚಿಕೊಳ್ಳುತ್ತಿತ್ತು. ಇದರಿಂದ ಪ್ರಾಣ ಕಳೆದುಕೊಂಡವರುಂಟು.

ಇದಕ್ಕೆ ಪರಿಹಾರ ಹುಡುಕಿದವನು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್ (1884-1960). ತಾನೇ ಕಟ್ಟಿದ ವಿಮಾನದಲ್ಲಿ 1909ರ ಡಿಸೆಂಬರ್ 31ರಂದು ಹಾರಿ, ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವನೆಂಬ ಹೆಸರು ಪಡೆದ ಸಾಹಸಿ ಅವನು. ನೇಗಿಲನ್ನು ಕಟ್ಟಿ ಎಳೆಯುವ ಬದಲು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಬೇಕೆಂಬುದು ಅವನ ಯೋಚನೆ. ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕೊಂಡಿಗಳಿಂದ ನೇಗಿಲನ್ನು ಜೋಡಿಸಿದ. ಕೆಳಗಿನ ಎರಡು ಎಳೆಯುತ್ತವೆ. ನೇಗಿಲಿಗೆ ನೆಲ ಅಡ್ಡ ಬಂದಾಗ ಮೇಲಿನ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಮುಂಭಾಗ ಮೇಲೇಳಲು ಹೊರಟರೆ ಅದೇ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಕೊಲ್ಲುತ್ತಿದ್ದ ಬಲವೇ ಕಾಯುವ ಬಲವಾಯಿತು!

ಟಾಪ್ ಲಿಂಕ್ ತಳ್ಳುವ ಜಾಗದಲ್ಲಿ ಅವನು ಒಂದು ದಪ್ಪ ಸ್ಪ್ರಿಂಗ್ ಇಟ್ಟ. ನೆಲ ಗಟ್ಟಿಯಾದಂತೆ ಸ್ಪ್ರಿಂಗ್ ಕುಗ್ಗುತ್ತದೆ. ಕುಗ್ಗಿದ ಸ್ಪ್ರಿಂಗ್ ಎಣ್ಣೆಯ ಕವಾಟವನ್ನು ಸರಿಸುತ್ತದೆ. ಆಗ ನೇಗಿಲು ತಾನಾಗಿಯೇ ತುಸು ಮೇಲೇಳುತ್ತದೆ. ನೆಲ ಸಡಿಲವಾದರೆ ಮತ್ತೆ ಇಳಿಯುತ್ತದೆ. ನೊಗದ ಮೇಲಿನ ಭಾರ ನೋಡಿ ಮೇಳಿಯ ಮೇಲೆ ಕೈ ಸಡಿಲಿಸುತ್ತಿದ್ದ ಅನುಭವಿ ರೈತ ಮಾಡುತ್ತಿದ್ದ ಕೆಲಸವನ್ನೇ ಈ ಸ್ಪ್ರಿಂಗ್ ಮಾಡುತ್ತದೆ. ಚಾಲಕರು ಇದನ್ನು ‘ಡ್ರಾಫ್ಟ್ ಕಂಟ್ರೋಲ್’ ಎನ್ನುತ್ತಾರೆ.

1936ರಲ್ಲಿ ಈ ವ್ಯವಸ್ಥೆಯ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. 1938ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಮತ್ತು ಫರ್ಗುಸನ್ ಕಾಗದಪತ್ರವಿಲ್ಲದೆ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಫೋರ್ಡನ ಮೊಮ್ಮಗನ ಕಾಲಕ್ಕೆ ಅದು ಮುರಿದು ಕೋರ್ಟಿಗೆ ಹೋಯಿತು. 1952ರಲ್ಲಿ 92.5 ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಫರ್ಗುಸನ್ನನ ಬೂದು ಬಣ್ಣದ ಸಣ್ಣ ಟ್ರ್ಯಾಕ್ಟರು ತಯಾರಾಗುತ್ತಿತ್ತು. 1946ರಿಂದ 1956ರವರೆಗೆ ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದೂ ಇಂಥವೇ ಟ್ರ್ಯಾಕ್ಟರುಗಳಲ್ಲಿ.

1953ರಲ್ಲಿ ಫರ್ಗುಸನ್ ಕಂಪನಿ ಮ್ಯಾಸ್ಸಿ ಹ್ಯಾರಿಸ್ ಜೊತೆ ಸೇರಿತು. ಮುಂದೆ ಬಂದ ‘ಮ್ಯಾಸ್ಸಿ ಫರ್ಗುಸನ್ 35’ ಎಂಬ ಮಾದರಿಯ ವಂಶವೇ ನಮ್ಮಲ್ಲಿ ‘1035’ ಎಂದು ಹೆಸರಾದ ಕೆಂಪು ಟ್ರ್ಯಾಕ್ಟರು. 1960ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಟಾಫೆ ಸಂಸ್ಥೆ ಇವನ್ನು ತಯಾರಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ಹಲವು ದಶಕ ದುಡಿದ 1035ಗಳು ಇನ್ನೂ ಕಾಣಸಿಗುತ್ತವೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಈ ಕುಟುಂಬದ ಹಳೆಯ ಟ್ರ್ಯಾಕ್ಟರುಗಳಿಗೆ ಅನ್ವಯಿಸುತ್ತದೆ. ಬೇರೆ ಕಂಪನಿಯವುಗಳಲ್ಲಿ ಭಾಗಗಳ ಜಾಗ ಬೇರೆಯಾದರೂ ತರ್ಕ ಒಂದೇ.

ಮೊದಲು ಕಣ್ಣು, ಆಮೇಲೆ ಸ್ಪ್ಯಾನರ್

ಡಾಕ್ಟರು ಆಪರೇಷನ್ನಿಗೆ ಮೊದಲು ನಾಡಿ ನೋಡುತ್ತಾರೆ, ನಾಲಿಗೆ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ಏನನ್ನೂ ಬಿಚ್ಚದೆ ನೋಡಬಹುದಾದ ಸಂಗತಿಗಳು ನಾಲ್ಕಿವೆ.

ಮೊದಲನೆಯದು ಎಣ್ಣೆ. ಈ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಸುಮಾರು ಮೂವತ್ತು ಲೀಟರಿನ ಈ ಕೊಳದಲ್ಲಿ ಪಂಪ್ ಮುಳುಗಿರುತ್ತದೆ. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೇಗಿಲನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಅಳತೆಕಡ್ಡಿ ತೆಗೆದು ನೋಡಿ. ಮಟ್ಟ ಕಡಿಮೆಯಾಗಿದ್ದರೆ ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಕುಡಿಯುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಹೆಚ್ಚೇನೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೀಗಾಗಿ ಎತ್ತಬೇಕಾದ ಬಲ ಗಾಳಿಯ ಗುಳ್ಳೆಗಳನ್ನು ಹಿಂಡುವುದರಲ್ಲೇ ಪೋಲಾಗುತ್ತದೆ. ಎಣ್ಣೆ ಎಲ್ಲಿ ಹೋಯಿತೆಂಬುದನ್ನೂ ಹುಡುಕಬೇಕು. ಹಿಂದಿನ ಚಕ್ರದ ಒಳಬದಿಯಲ್ಲಿ ಜಿಡ್ಡು ಕಂಡರೆ ಆಕ್ಸಲ್ಲಿನ ಸೀಲು ಸೋರುತ್ತಿದೆ. ಆ ಎಣ್ಣೆ ಬ್ರೇಕಿನೊಳಗೆ ಇಳಿದರೆ ಲಿಫ್ಟಿನ ತೊಂದರೆಗಿಂತ ದೊಡ್ಡ ಅಪಾಯ ಕಾದಿರುತ್ತದೆ.

ಎಣ್ಣೆಯ ಬಣ್ಣವನ್ನೂ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಮಳೆಯಲ್ಲಿ ಬಯಲಲ್ಲೇ ನಿಲ್ಲುವ ಟ್ರ್ಯಾಕ್ಟರಿನಲ್ಲಿ ಗೇರ್ ಲಿವರಿನ ಹರಿದ ರಬ್ಬರ್ ಮುಸುಕಿನ ಮೂಲಕ ನೀರು ಇಳಿಯುವುದುಂಟು. ನೀರಿನಿಂದ ಒಳಗಿನ ನುಣುಪು ಭಾಗಗಳು ತುಕ್ಕು ಹಿಡಿದು ಕವಾಟಗಳು ಅಂಟಿಕೊಳ್ಳುತ್ತವೆ. ಅಂಥ ಎಣ್ಣೆಯನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನೇ ತುಂಬಬೇಕು.

ಎರಡನೆಯದು ಪಿ.ಟಿ.ಓ. ಲಿವರ್. ಯಂತ್ರಗಳಿಗೆ ತಿರುಗುಶಕ್ತಿ ಕೊಡುವ ಪಿ.ಟಿ.ಓ. ದಂಡವೇ ಇಲ್ಲಿ ಹೈಡ್ರಾಲಿಕ್ ಪಂಪನ್ನೂ ನಡೆಸುತ್ತದೆ. ಆ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ತಿರುಗುವುದೇ ಇಲ್ಲ! ಮಕ್ಕಳು ಆಟವಾಡುವಾಗ ಕಾಲು ತಾಗಿ ಲಿವರ್ ಸರಿದಿದ್ದರೂ ಸಾಕು, ‘ಹೈಡ್ರಾಲಿಕ್ ಹೋಯಿತು’ ಎಂಬ ಗುಲ್ಲಾಗಲು.

ಮೂರನೆಯದು ಕ್ಲಚ್. ಎರಡು ಹಂತದ ಕ್ಲಚ್ ಇರುವ ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ. ಪೂರ್ತಿ ಒತ್ತಿದರೆ ಪಂಪೂ ನಿಲ್ಲುತ್ತದೆ. ಹೊಸ ಚಾಲಕ ಬದುವಿನ ಹತ್ತಿರ ಪೆಡಲನ್ನು ತಳ ಮುಟ್ಟಿಸಿ ಲಿಫ್ಟ್ ಲಿವರ್ ಎತ್ತಿದರೆ ನೇಗಿಲು ಏಳುವುದಾದರೂ ಹೇಗೆ?

ನಾಲ್ಕನೆಯದು ಲಿಫ್ಟಿನ ಎರಡು ಲಿವರುಗಳು. ಒಂದು ನೇಗಿಲು ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಹೇಳುವ ಪೊಸಿಷನ್ ಲಿವರ್, ಇನ್ನೊಂದು ಡ್ರಾಫ್ಟ್ ಲಿವರ್. ಒಂದನ್ನು ಬಳಸುವಾಗ ಮತ್ತೊಂದು ಪೂರ್ತಿ ಮೇಲಿರಬೇಕು. ಒಂದು ‘ಇಳಿ’ ಎನ್ನುವಾಗ ಇನ್ನೊಂದು ‘ಏಳು’ ಎಂದರೆ ಏಳುವ ಮಾತು ನಡೆಯುವುದಿಲ್ಲ.

ಈ ನಾಲ್ಕಕ್ಕೆ ಹತ್ತು ನಿಮಿಷ ಸಾಕು, ಪೈಸೆ ಖರ್ಚಿಲ್ಲ.

ಲಕ್ಷಣವೇ ದೋಷದ ವಿಳಾಸ

ನಾಲ್ಕೂ ಸರಿಯಿದ್ದರೆ ಈಗ ರೋಗಲಕ್ಷಣಗಳನ್ನು ಬೇರ್ಪಡಿಸಬೇಕು. ‘ಲಿಫ್ಟ್ ಕೆಲಸ ಮಾಡುತ್ತಿಲ್ಲ’ ಎನ್ನುವುದು ‘ಮೈ ಸರಿಯಿಲ್ಲ’ ಎಂದಂತೆ. ಅದರಿಂದ ಏನೂ ತಿಳಿಯುವುದಿಲ್ಲ. ನೇಗಿಲು ಕಳಚಿ ಒಮ್ಮೆ, ಜೋಡಿಸಿ ಒಮ್ಮೆ ಎತ್ತಿ ನೋಡಿ.

ಖಾಲಿಯಿದ್ದಾಗಲೂ ತೋಳುಗಳು ಅಲುಗುವುದೇ ಇಲ್ಲವೆ? ಹಾಗಾದರೆ ಎಣ್ಣೆ ಸಿಲಿಂಡರನ್ನು ತಲುಪುತ್ತಲೇ ಇಲ್ಲ. ಪಂಪಿಗೆ ತಿರುಗುಶಕ್ತಿ ಬರುತ್ತಿಲ್ಲ, ಅಥವಾ ಎಣ್ಣೆ ಒಳಬಿಡುವ ಕವಾಟ ಅಂಟಿಕೊಂಡಿದೆ, ಅಥವಾ ಲಿವರಿನಿಂದ ಕವಾಟದವರೆಗಿನ ಕೊಂಡಿ ಕಳಚಿದೆ, ಇಲ್ಲವೇ ಎಣ್ಣೆ ಸೋಸುವ ಜಾಲರಿ ಕಟ್ಟಿಕೊಂಡಿದೆ. ಫರ್ಗುಸನ್ ಮಾದರಿಯ ಪಂಪಿನ ವಿಶೇಷವೆಂದರೆ ಅದರ ಕವಾಟ ಎಣ್ಣೆ ಹೊರಹೋಗುವ ಕಡೆಗಿಲ್ಲ, ಒಳಬರುವ ಕಡೆಗಿದೆ. ಲಿವರ್ ಕೇಳಿದಾಗ ಮಾತ್ರ ಪಂಪಿಗೆ ಎಣ್ಣೆ ಸಿಗುತ್ತದೆ. ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನಲ್ಲಿ ಈ ಕವಾಟ ಅಂಟಿಕೊಳ್ಳುವುದು ಅಪರೂಪವಲ್ಲ. ನೇಗಿಲು ಮೇಲೆದ್ದು ಇಳಿಯದೆ ಹಟ ಹಿಡಿದರೂ ಅನುಮಾನ ಮೊದಲು ಹೋಗಬೇಕಾದ್ದು ಇದೇ ಕವಾಟ ಮತ್ತು ಅದರ ಕೊಂಡಿಯ ಕಡೆಗೆ.

ಖಾಲಿ ಏಳುತ್ತದೆ, ಭಾರವಿದ್ದರೆ ಏಳುವುದಿಲ್ಲವೆ? ಎಣ್ಣೆ ಬರುತ್ತಿದೆ, ಒತ್ತಡ ನಿಲ್ಲುತ್ತಿಲ್ಲ. ತೂತಿನ ಕೊಡಕ್ಕೆ ನೀರು ತುಂಬಿದಂತೆ. ಬೆಳಿಗ್ಗೆ ತಣ್ಣಗಿದ್ದಾಗ ಎತ್ತಿ, ಮಧ್ಯಾಹ್ನ ಬಿಸಿಯೇರಿದ ಮೇಲೆ ಸೋತರೆ ಈ ಅನುಮಾನ ಇನ್ನೂ ಬಲವಾಗುತ್ತದೆ. ಬಿಸಿಯಾದ ಎಣ್ಣೆಯ ಸ್ನಿಗ್ಧತೆ ಕಡಿಮೆ. ತಣ್ಣನೆಯ ದಪ್ಪ ಎಣ್ಣೆ ನುಸುಳಲಾರದ ಸಂದಿಯಲ್ಲಿ ತೆಳ್ಳಗಾದ ಎಣ್ಣೆ ಸುಲಭವಾಗಿ ಹರಿದುಹೋಗುತ್ತದೆ. ಚಳಿಗಾಲದ ಗಟ್ಟಿ ಕೊಬ್ಬರಿಎಣ್ಣೆಗೂ ಬೇಸಿಗೆಯ ಕೊಬ್ಬರಿಎಣ್ಣೆಗೂ ಇರುವ ವ್ಯತ್ಯಾಸ ನೆನೆದರೆ ಇದು ಬೇಗ ಅರ್ಥವಾಗುತ್ತದೆ.

ಮೆಟ್ಟಿಲು ಹತ್ತುವಂತೆ ತಡೆತಡೆದು ಏಳುತ್ತದೆಯೆ? ಈ ಪಂಪಿನಲ್ಲಿ ನಾಲ್ಕು ಪುಟ್ಟ ಪಿಸ್ಟನ್ನುಗಳು ಸರದಿಯ ಮೇಲೆ ಎಣ್ಣೆ ತಳ್ಳುತ್ತವೆ. ಒಂದರ ಕವಾಟದಲ್ಲಿ ಕಸ ಸಿಕ್ಕಿಕೊಂಡರೂ ಅದರ ಸರದಿ ಬಂದಾಗ ಎಣ್ಣೆ ಬರುವುದಿಲ್ಲ. ಎಂಜಿನ್ ನಿಧಾನವಾಗಿ ಓಡುವಾಗ ಈ ಕುಂಟು ನಡಿಗೆ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಮಾತ್ರ ಪಂಪಿನ ಮೇಲೆ ದೂರು ಹೊರಿಸಲು ಒಳ್ಳೆಯ ಕಾರಣವಿದೆ.

ಮೇಲೆದ್ದ ನೇಗಿಲು ನಿಂತಲ್ಲೇ ಕೋಲೆಬಸವನಂತೆ ತಲೆ ಆಡಿಸುತ್ತದೆಯೆ? ಎಂಜಿನ್ ಆರಿಸಿದರೆ ಮೆಲ್ಲಗೆ ಕುಸಿಯುತ್ತದೆಯೆ? ಇವೆರಡೂ ಒಂದೇ ರೋಗದ ಎರಡು ಮುಖಗಳು. ಎಲ್ಲೋ ಎಣ್ಣೆ ಜಿನುಗಿ ನೇಗಿಲು ತುಸು ಇಳಿಯುತ್ತದೆ. ಇಳಿದದ್ದನ್ನು ಕವಾಟ ಕಂಡು ಪಂಪನ್ನು ಕರೆಯುತ್ತದೆ. ಪಂಪ್ ಮತ್ತೆ ಎತ್ತುತ್ತದೆ. ಎಂಜಿನ್ ನಿಂತರೆ ಎತ್ತುವವರಿಲ್ಲದೆ ಕುಸಿತವಷ್ಟೇ ಉಳಿಯುತ್ತದೆ.

ಪೊಸಿಷನ್ ಲಿವರಿನಲ್ಲಿ ಎಲ್ಲ ಸರಿಯಿದ್ದು, ಉಳುವಾಗ ಮಾತ್ರ ಆಳ ಹೆಚ್ಚು ಕಡಿಮೆ ಆಗುತ್ತಿದ್ದರೆ ಟಾಪ್ ಲಿಂಕಿನ ಹಿಂದಿರುವ ದಪ್ಪ ಸ್ಪ್ರಿಂಗನ್ನು ಹಿಡಿದು ಅಲುಗಾಡಿಸಿ ನೋಡಿ. ಅಲ್ಲಿ ಸಡಿಲವಿದ್ದರೆ ನೆಲದ ಸುದ್ದಿ ಕವಾಟಕ್ಕೆ ತಡವಾಗಿ ಮುಟ್ಟುತ್ತದೆ.

ಸೀಮೆಸುಣ್ಣದ ಗುರುತು ಹೇಳುವ ಸತ್ಯ

ಈಗ ವಿದ್ಯಾರ್ಥಿಗಳಿಗೆ ಕೆಲಸ. ಬೇಕಾದ್ದು ಒಂದು ಉದ್ದನೆಯ ಕೋಲು, ಸೀಮೆಸುಣ್ಣ, ಗಡಿಯಾರ, ನೋಟ್‌ಬುಕ್ಕು. ನೇಗಿಲಿನ ಪಕ್ಕದಲ್ಲಿ, ಅದು ಬಿದ್ದರೂ ತಾಗದಷ್ಟು ದೂರದಲ್ಲಿ, ಸೆಂಟಿಮೀಟರ್ ಗುರುತು ಹಾಕಿದ ಕೋಲನ್ನು ನೆಟ್ಟಗೆ ನಿಲ್ಲಿಸಿ. ದೊಡ್ಡವರು ನೇಗಿಲನ್ನು ಪೂರ್ತಿ ಎತ್ತಿ ಎಂಜಿನ್ ಆರಿಸಲಿ. ದೂರದಿಂದಲೇ ಪ್ರತಿ ಐದು ನಿಮಿಷಕ್ಕೊಮ್ಮೆ ಎತ್ತರ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಕೆಲಸ ಮುಗಿಸಿ ಬಿಸಿಯಾಗಿದ್ದಾಗ ಒಮ್ಮೆ ಮಾಡಿ ಗ್ರಾಫ್ ಎಳೆಯಿರಿ.

ಐದು ನಿಮಿಷದಲ್ಲಿ ನೇಗಿಲು 30 ಸೆಂಟಿಮೀಟರ್ ಇಳಿಯಿತು ಎನ್ನೋಣ. ಪೂರ್ತಿ 60 ಸೆಂಟಿಮೀಟರಿಗೆ 440 ಮಿಲಿಲೀಟರ್ ಎಣ್ಣೆಯೆಂದು ಆಗಲೇ ಲೆಕ್ಕ ಹಾಕಿದ್ದೇವೆ. ಅರ್ಧಕ್ಕೆ 220 ಮಿಲಿಲೀಟರ್. ಅದನ್ನು 300 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಮುಕ್ಕಾಲು ಮಿಲಿಲೀಟರಿಗೂ ಕಡಿಮೆ ಸೋರಿಕೆ. ಇತ್ತ ಪಂಪ್ ಸುಸ್ಥಿತಿಯಲ್ಲಿದ್ದು ಮೂರು ಸೆಕೆಂಡಿನಲ್ಲಿ ನೇಗಿಲು ಎತ್ತುವುದಾದರೆ ಅದು ಸೆಕೆಂಡಿಗೆ ಸುಮಾರು 150 ಮಿಲಿಲೀಟರ್ ಕಳಿಸುತ್ತಿದೆ. 150ರಲ್ಲಿ ಮುಕ್ಕಾಲು ಹೋದರೆ ಏನು ನಷ್ಟ?

ಆದ್ದರಿಂದ ನಿಧಾನವಾಗಿ ಕುಸಿಯುವ ನೇಗಿಲಿಗೂ ಮೇಲೇಳದ ನೇಗಿಲಿಗೂ ಕಾರಣ ಒಂದೇ ಆಗಿರಬೇಕೆಂದಿಲ್ಲ. ಹಳೆಯ ಯಂತ್ರ ರಾತ್ರಿ ಕಳೆಯುವಷ್ಟರಲ್ಲಿ ಸ್ವಲ್ಪ ಇಳಿದರೆ ಗಾಬರಿಯಾಗಬೇಕಿಲ್ಲ. ಆದರೆ ನಿಮಿಷದೊಳಗೆ ನೆಲ ಮುಟ್ಟಿದರೆ ಸೋರಿಕೆ ದೊಡ್ಡದು. ‘ಬಹಳ ಬೇಗ ಇಳಿಯುತ್ತದೆ’ ಎನ್ನುವ ಬದಲು ‘ಐದು ನಿಮಿಷಕ್ಕೆ ಮೂವತ್ತು ಸೆಂಟಿಮೀಟರ್’ ಎಂದು ಹೇಳುವ ಗಿರಾಕಿಯ ಮುಂದೆ ಮೆಕ್ಯಾನಿಕ್ ಕೂಡ ಅಂದಾಜಿನ ಮಾತು ಆಡಲಾರ.

ಸೋರುವುದು ಎಲ್ಲಿ?

ಇನ್ನು ಮುಂದಿನದು ಬಲ್ಲ ಮೆಕ್ಯಾನಿಕ್ಕಿನ ಕೆಲಸ. ಆದರೂ ಅವನು ಏನು ಮಾಡುತ್ತಿದ್ದಾನೆಂದು ಮನೆಯವರಿಗೆ ತಿಳಿದಿರಬೇಕು. ಪಂಪಿನಿಂದ ಹೊರಟ ಎಣ್ಣೆ ಒಂದು ಕೊಳವೆಯಲ್ಲಿ ಮೇಲೇರಿ ಸಿಲಿಂಡರ್ ಸೇರುತ್ತದೆ. ಕೊಳವೆಯ ತುದಿಗಳಲ್ಲಿ, ಸಿಲಿಂಡರಿನ ಜೋಡಣೆಯಲ್ಲಿ ‘ಓ ರಿಂಗ್’ ಎಂಬ ರಬ್ಬರ್ ಬಳೆಗಳಿವೆ. ಪಿಸ್ಟನ್ನಿನ ಸುತ್ತಲೂ ಬಳೆಗಳಿವೆ. ಒತ್ತಡ ಮಿತಿ ಮೀರಿದರೆ ತೆರೆದುಕೊಂಡು ಯಂತ್ರವನ್ನು ಕಾಯುವ ಸುರಕ್ಷಾ ಕವಾಟವೂ ಇದೆ. ಸೋರಿಕೆ ಇವುಗಳಲ್ಲಿ ಯಾವುದರಲ್ಲಾದರೂ ಇರಬಹುದು. ಸೋರಿದ ಎಣ್ಣೆ ಪೆಟ್ಟಿಗೆಯೊಳಗಿನ ಕೊಳಕ್ಕೇ ಮರಳಿ ಬೀಳುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಅನುಭವಿ ಮೆಕ್ಯಾನಿಕ್ ಪೆಟ್ಟಿಗೆಯ ಬಲಬದಿಯ ಸಣ್ಣ ಮುಚ್ಚಳ ತೆಗೆದು, ಎಂಜಿನ್ ನಿಧಾನವಾಗಿ ಓಡುವಾಗ ಭಾರ ಎತ್ತಿಸಿ, ಟಾರ್ಚ್ ಬಿಟ್ಟು ಒಳಗೆ ನೋಡುತ್ತಾನೆ. ಮೇಲಿನಿಂದ ಎಣ್ಣೆ ಸುರಿಯುತ್ತಿದ್ದರೆ ಸಿಲಿಂಡರಿನ ಕಡೆ ದೋಷ. ಕೊಳವೆಯ ಬುಡದಲ್ಲಿ ಚಿಮ್ಮಿದರೆ ಅಲ್ಲಿಯ ಬಳೆ ಹೋಗಿದೆ. ಒತ್ತಡ ಅಳೆಯುವ ಗೇಜು ಜೋಡಿಸಿದರಂತೂ ಜಗಳವೇ ಇಲ್ಲ. ಪಂಪ್ ತನ್ನ ಪೂರ್ಣ ಒತ್ತಡ ಕೊಡುತ್ತಿದೆ ಎಂದು ಮುಳ್ಳು ತೋರಿಸಿದರೆ ಪಂಪನ್ನು ಮುಟ್ಟುವ ಅಗತ್ಯವಿಲ್ಲ. ‘ಗೇಜು ಹಾಕಿ ನೋಡಿದಿರಾ?’ ಎಂಬ ಒಂದು ಪ್ರಶ್ನೆ ಸಾವಿರಾರು ರೂಪಾಯಿ ಉಳಿಸಬಹುದು.

ರಬ್ಬರ್ ಬಳೆಯ ಬೆಲೆ ಕೆಲವೇ ರೂಪಾಯಿ, ಆದರೆ ಅದನ್ನು ಮುಟ್ಟಲು ಸೀಟು, ತೋಳು, ಭಾರವಾದ ಮೇಲ್ಮುಚ್ಚಳ ಎಲ್ಲ ಇಳಿಸಬೇಕು. ಆದ್ದರಿಂದ ಒಮ್ಮೆ ಬಿಚ್ಚಿದ ಮೇಲೆ ಒಳಗಿನ ಎಲ್ಲ ಬಳೆಗಳನ್ನೂ ಬದಲಿಸುವುದು ಜಾಣತನ. ಒರೆಸಲು ನೂಲು ಬಿಡುವ ಹಳೆಯ ಬಟ್ಟೆ ಬೇಡ. ಒಂದು ಎಳೆ ನೂಲು ಕವಾಟದಲ್ಲಿ ಸಿಕ್ಕಿದರೆ ಮತ್ತೆ ಮೊದಲಿನಿಂದ ಶುರು. ಸುರಕ್ಷಾ ಕವಾಟದ ಸ್ಪ್ರಿಂಗನ್ನು ಅಂದಾಜಿನ ಮೇಲೆ ಬಿಗಿ ಮಾಡಿಸುವುದಂತೂ ಕೂಡದು. ಹೆಚ್ಚು ಎತ್ತಲಿ ಎಂಬ ಆಸೆಗೆ ಎರಕದ ಪೆಟ್ಟಿಗೆಯೇ ಬಿರುಕು ಬಿಟ್ಟೀತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವುದು ಎಲ್ಲಕ್ಕಿಂತ ಮುಖ್ಯ. ಎಣ್ಣೆ, ಬಳೆ, ಪಂಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಲಿಫ್ಟ್ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಲಿಸುವುದೂ ಇದನ್ನೇ.

ಎತ್ತಿದ ನೇಗಿಲ ಕೆಳಗೆ ಯಾರೂ ಬೇಡ

ಈಗ ಪೋಷಕರು ಗಮನಿಸಲೇಬೇಕಾದ ಮಾತು. ಮೇಲೆತ್ತಿದ ಕಲ್ಟಿವೇಟರ್ ಗಾಳಿಯಲ್ಲಿ ನಿಂತಿರುವುದು ಅರ್ಧ ಲೀಟರಿಗೂ ಕಡಿಮೆ ಎಣ್ಣೆಯ ಮೇಲೆ. ಆ ಎಣ್ಣೆಯನ್ನು ತಡೆದಿರುವುದು ಒಂದೆರಡು ರಬ್ಬರ್ ಬಳೆ ಮತ್ತು ಒಂದು ಕವಾಟ. ಬಳೆ ಹರಿದರೆ, ಯಾರೋ ಲಿವರ್ ಮುಟ್ಟಿದರೆ ನೂರಾರು ಕಿಲೋ ಭಾರ ಎಚ್ಚರಿಕೆ ಕೊಡದೆ ಬೀಳುತ್ತದೆ. ಹಲ್ಲಿಗೆ ಸಿಕ್ಕ ಕಸ ತೆಗೆಯಲು, ಬೋಲ್ಟ್ ಬಿಗಿಯಲು, ಕೆಳಗೆ ಹೋದ ಚೆಂಡು ತರಲು ಯಾರೂ ಅಡಿಗೆ ಕೈ ಕಾಲು ಚಾಚಬಾರದು. ಕೆಲಸ ಮಾಡಲೇಬೇಕಿದ್ದರೆ ನೇಗಿಲನ್ನು ನೆಲಕ್ಕಿಳಿಸಬೇಕು, ಇಲ್ಲವೇ ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ಕೂರಿಸಬೇಕು. ಜಾಕ್ ಒಂದನ್ನೇ ನಂಬಬಾರದು. ಅದೂ ಪಾಸ್ಕಲ್‌ನ ನಿಯಮದಿಂದಲೇ ನಿಂತಿರುವಂಥದು!

ಸಂಜೆ ಟ್ರ್ಯಾಕ್ಟರ್ ನಿಲ್ಲಿಸುವಾಗ ನೇಗಿಲು ನೆಲದ ಮೇಲಿರಲಿ. ಒತ್ತಡದ ಎಣ್ಣೆ ಎಲ್ಲಿ ಸೋರುತ್ತಿದೆಯೆಂದು ಬೆರಳಿಟ್ಟು ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಗಾಯ ಸಾಸಿವೆಯಷ್ಟು ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಅಪಾಯವದು. ರಟ್ಟಿನ ಚೂರು ಹಿಡಿದು ನೋಡಬೇಕು. ಪಿ.ಟಿ.ಓ. ತಿರುಗುವಾಗ ಪಂಚೆ, ಸೆರಗು, ದುಪಟ್ಟಾ ಹತ್ತಿರ ಸುಳಿಯಬಾರದು. ಮರದ ದಿಮ್ಮಿ, ಹೂತ ಬಂಡಿ ಎಳೆಯಲು ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೆ ಕಟ್ಟಬಾರದು. ಕಟ್ಟಿದರೆ ಫರ್ಗುಸನ್ ತಪ್ಪಿಸಿದ ಮಗುಚುವ ಅಪಾಯವನ್ನು ನಾವೇ ಮರಳಿ ಕರೆದಂತೆ.

ಮನೆಯಲ್ಲೇ ಒಂದು ಪ್ರಯೋಗ

ಟ್ರ್ಯಾಕ್ಟರ್ ಇಲ್ಲದ ಮನೆಯ ಮಕ್ಕಳೂ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಔಷಧದ ಅಂಗಡಿಯಿಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ತನ್ನಿ. ಒಂದು ಸಣ್ಣದು, ಒಂದು ದೊಡ್ಡದು. ನಡುವೆ ಪ್ಲಾಸ್ಟಿಕ್ ನಳಿಕೆ ಜೋಡಿಸಿ, ಗುಳ್ಳೆ ಉಳಿಯದಂತೆ ನೀರು ತುಂಬಿ. ಸಣ್ಣದನ್ನು ಒಂದು ಬೆರಳಿನಿಂದ ಒತ್ತಿ, ದೊಡ್ಡದನ್ನು ಗೆಳೆಯನಿಗೆ ತಡೆಯಲು ಹೇಳಿ. ಗೆಳೆಯ ಸೋಲುತ್ತಾನೆ! ದೊಡ್ಡದರ ಅಗಲ ಎರಡರಷ್ಟಿದ್ದರೆ ವಿಸ್ತೀರ್ಣ ನಾಲ್ಕರಷ್ಟು, ಬಲವೂ ಸುಮಾರು ನಾಲ್ಕರಷ್ಟು. ಆದರೆ ಅದು ಸರಿಯುವ ದೂರ ಕಾಲುಭಾಗ. ಆಮೇಲೆ ಬೇಕೆಂದೇ ಒಂದು ಗಾಳಿಗುಳ್ಳೆ ಸೇರಿಸಿ ಒತ್ತಿ ನೋಡಿ. ಬೆರಳಿಗೆ ಮೆತ್ತಗೆ ತಾಗುವ ಆ ಅನುಭವವೇ ಎಣ್ಣೆ ಕಡಿಮೆಯಾದ ಟ್ರ್ಯಾಕ್ಟರಿನ ಕಥೆ.

ಬದುವಿನಲ್ಲಿ ನಿಂತ ಆ ಹಳೆಯ ಟ್ರ್ಯಾಕ್ಟರಿಗೆ ಮತ್ತೆ ಬರೋಣ. ಅಲ್ಲಿ ನಿಜವಾಗಿಯೂ ಪಂಪ್ ಸವೆದಿದ್ದರೆ ಬದಲಿಸಲೇಬೇಕು. ಆದರೆ ಅಳತೆಕಡ್ಡಿ ತೆಗೆದು, ಪಿ.ಟಿ.ಓ. ಲಿವರ್ ನೋಡಿ, ಕೋಲು ನೆಟ್ಟು ಅಳೆದ ಮೇಲೆ ಬದಲಿಸುವುದು ಬೇರೆ, ದಾರಿಹೋಕರ ಮಾತು ಕೇಳಿ ಬದಲಿಸುವುದು ಬೇರೆ. ಅಪ್ಪ ಲಿವರ್ ಎತ್ತುವಾಗ ಮಗಳು ದೂರದಲ್ಲಿ ಗಡಿಯಾರ ಹಿಡಿದು ನಿಂತು ‘ಐದು ನಿಮಿಷ ಆಯ್ತಪ್ಪ, ಹನ್ನೆರಡು ಸೆಂಟಿಮೀಟರ್’ ಎಂದು ಕೂಗಿ ಹೇಳಿದರೆ ಹದವೂ ಉಳಿದೀತು, ದುಡ್ಡೂ ಉಳಿದೀತು. ಪಾಸ್ಕಲ್‌ನ ನಿಯಮವಂತೂ ಪರೀಕ್ಷೆ ಮುಗಿದ ಮೇಲೂ ಆ ಮಗಳಿಗೆ ಮರೆಯುವುದಿಲ್ಲ.